ಎಡಗಡೆಯ ಕೊಳಲು

ಅಳಿಯ ಎಂದರೆ ಮಾವನ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುವವನು ಎಂದು ಮದುವೆಗೆ ಮುಂಚೆ ನಾನು ನಂಬಿದ್ದೆ. ಮದುವೆಯಾದ ಮೇಲೆ ತಿಳಿಯಿತು, ಅಳಿಯ ಎಂದರೆ ಸ್ಪೀಕರಿನ ಇನ್ನೊಂದು ತುದಿ ಹಿಡಿಯುವವನು. ನಾನು ಬೇಕರಿಯಲ್ಲಿ ಹಿಟ್ಟು ನಾದುವವನು, ತೋಳು ಗಟ್ಟಿ. ಮೊದಲ ಸಲ ಭೇಟಿಯಾದಾಗ ಮಾವ ನನ್ನ ಓದು ಕೇಳಲಿಲ್ಲ, ಸಂಬಳ ಕೇಳಲಿಲ್ಲ. ನನ್ನ ತೋಳನ್ನು ನೋಡಿ ತಲೆದೂಗಿದರು. ಎಂಥ ಸಜ್ಜನ ಎಂದುಕೊಂಡು ಮನೆಗೆ ಬಂದೆ. ಅವರು ಸಜ್ಜನರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಸ್ಪೀಕರುಗಳು ಮರದವು, ಒಂದೊಂದೂ ಹಿಟ್ಟಿನ ಮೂಟೆಯಷ್ಟು ಭಾರ ಎಂಬುದನ್ನು ಆಗ ಯಾರೂ ನನಗೆ ಹೇಳಿರಲಿಲ್ಲ.

ಮಾವ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ದೀಪ, ಬ್ಯಾಟರಿ, ವೈಪರ್ ಎಲ್ಲವೂ ಅವರ ಕೈಯಲ್ಲೇ ಹಾದುಹೋಗುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಹಾರ್ನ್. ಬೆಳಗ್ಗೆ ಬಸ್ಸುಗಳು ಹೊರಡುವ ಮುಂಚೆ ಒಂದೊಂದರ ಮೂತಿಯ ಹತ್ತಿರ ಬಗ್ಗಿ, ಎಡಗಿವಿ ಕೊಟ್ಟು, "ಹೂಂ, ಒತ್ತಪ್ಪ" ಎನ್ನುತ್ತಿದ್ದರಂತೆ. ತಂತಿ ಸಡಿಲವಾಗಿದೆಯೋ, ಒಳಗೆ ನೀರು ಹೋಗಿದೆಯೋ, ಆ ಕಿವಿಗೆ ಗೊತ್ತಾಗುತ್ತಿತ್ತು. ಡಿಪೋದವರು ಅವರಿಗೆ ಹಾರ್ನ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರಿಗೆ ಇಷ್ಟವೇ ಆಗಿತ್ತು.

ಕೆಲಸದಲ್ಲಿ ಅವರದ್ದು ಒಂದೇ ಸೂತ್ರ. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. "ದೋಷ ಎಲ್ಲಿದೆ ಅಂತ ತಲೆ ಕೆಡಿಸ್ಕೋಬೇಡಿ. ಎಡಗಡೇದು ಬಲಕ್ಕೆ ಹಾಕಿ, ಬಲಗಡೇದು ಎಡಕ್ಕೆ ಹಾಕಿ. ದೋಷ ಯಾರ ಹಿಂದೆ ಹೋಗುತ್ತೋ ಅವನೇ ಕಳ್ಳ." ಬಸ್ಸಿನ ಎಡಗಡೆ ದೀಪ ಹತ್ತಲಿಲ್ಲವೇ? ಬಲಗಡೆಯ ಬಲ್ಬು ತಂದು ಅಲ್ಲಿಗೆ ಹಾಕು. ಆಗ ಹತ್ತಿದರೆ ಬಲ್ಬು ಕಳ್ಳ, ಆಗಲೂ ಹತ್ತದಿದ್ದರೆ ತಂತಿ ಕಳ್ಳ. ಇದನ್ನು ಅವರು ಡಿಪೋದಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ನನ್ನ ಮಗಳು ಕೂಸಾಗಿದ್ದಾಗ ಒಂದು ದಿನ ನನ್ನ ತೋಳಿನಲ್ಲಿ ಒಂದೇ ಸಮನೆ ಅಳುತ್ತಿದ್ದಳು. ಮಾವ ಅವಳನ್ನು ಎತ್ತಿ ನನ್ನ ಹೆಂಡತಿಯ ತೋಳಿಗೆ ಬದಲಿಸಿದರು. ಅಳು ನಿಂತಿತು. "ಕಳ್ಳ ಸಿಕ್ಕಿದ" ಎಂದು ನನ್ನ ಕಡೆ ನೋಡಿದರು.

ಈಗ ಆಂಪ್ಲಿಫೈಯರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಆಂಪ್ಲಿ ಎನ್ನುತ್ತೇವೆ. ಡಿಪೋದ ಗೇಟಿನ ಎದುರು ಒಂದು ಗ್ರಾಮಫೋನ್ ರೆಕಾರ್ಡಿನ ಅಂಗಡಿಯಿತ್ತಂತೆ. ಪಾಳಿ ಮುಗಿದ ಮೇಲೆ ಮಾವ ಅದರ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಬಟ್ಟೆಯೆಲ್ಲ ಗ್ರೀಸು, ಒಳಗೆ ಕಾಲಿಟ್ಟರೆ ನೆಲ ಹಾಳಾದೀತೆಂಬ ಅಳುಕು. ಒಂದು ದಿನ ಅಂಗಡಿಯ ಯಜಮಾನರು ಕುರ್ಚಿಯ ಮೇಲೆ ಹಳೆಯ ಪೇಪರು ಹಾಸಿ, "ಬಂದು ಕೂತ್ಕೊಂಡು ಕೇಳಿ. ನಿಂತು ಕಾಯೋದು ಬಸ್ಸಿಗೆ" ಎಂದರಂತೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ಮಾವನಿಗೆ ಸಾಕಾಗುವುದಿಲ್ಲ. ಮುಂದೆ ಅಂಗಡಿ ಮುಚ್ಚುವ ಕಾಲ ಬಂದಾಗ ಯಜಮಾನರು ಆಂಪ್ಲಿಯನ್ನೂ ಸ್ಪೀಕರುಗಳನ್ನೂ ಯಾರ್ಯಾರೋ ಕೇಳಿದರೂ ಕೊಡದೆ ಮಾವನಿಗೆ ಕೊಟ್ಟರು. "ಇದನ್ನ ಇಟ್ಕೊಳ್ಳೋರು ಬಹಳ ಜನ ಇದ್ದಾರೆ. ಕೇಳೋರಿಗೆ ಕೊಡ್ತಾ ಇದ್ದೀನಿ" ಎಂದರಂತೆ.

ಮನೆಗೆ ತಂದ ಕತೆ ಅತ್ತೆಯದು. ಹೊಸದಾಗಿ ಮದುವೆಯಾದ ದಿನಗಳು. ಮಾವ ಒಂದು ಆಟೋ ಹಿಡಿದು, ಆಂಪ್ಲಿಯನ್ನು ಸೀಟಿನ ಮೇಲೆ ಕೂರಿಸಿ, ಬೀಳದ ಹಾಗೆ ತಬ್ಬಿಕೊಂಡು ಬಂದರು. ಹೆಂಡತಿಗೆ ಜಾಗ ಉಳಿಯಲಿಲ್ಲ. "ಅದಕ್ಕೆ ಆಟೋ, ನನಗೆ ಬಸ್ಸು. ಅವತ್ತೇ ತಿಳ್ಕೊಂಡೆ ಈ ಮನೇಲಿ ನನ್ನ ನಂಬರ್ ಎಷ್ಟನೇದು ಅಂತ" ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಹೇಳುತ್ತಲೇ ಮೆತ್ತನೆ ಬಟ್ಟೆಯಿಂದ ಅದರ ಮರದ ಮೈಯನ್ನು ಒರೆಸುತ್ತಾರೆ.

ನೋಡಲು ಚೆಂದದ ವಸ್ತು ಅದು, ಒಪ್ಪಿಕೊಳ್ಳಲೇಬೇಕು. ಈಗಿನ ಸಾಮಾನುಗಳ ಹಾಗೆ ಕಪ್ಪು ಪ್ಲಾಸ್ಟಿಕ್ಕಿನ ಡಬ್ಬವಲ್ಲ. ಮುಂಭಾಗಕ್ಕೆ ಸಣ್ಣ ಗೀರುಗಳ ಬೆಳ್ಳನೆಯ ಲೋಹದ ತಗಡು, ಸುತ್ತ ಕಂದು ಮರದ ಚೌಕಟ್ಟು. ದನಿ ಏರಿಸುವ ದೊಡ್ಡ ಗುಂಡಿ ಇಡೀ ಲೋಹದ್ದು. ತಿರುಗಿಸಿದರೆ ಒಂದೊಂದು ಹಂತಕ್ಕೂ ಬೆರಳಿಗೆ ಸಣ್ಣಗೆ ಟಿಕ್ ಎನ್ನುತ್ತದೆ. ಅದರ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಲೋಹದ ಕಡ್ಡಿಗಳು, ಮೇಲಕ್ಕೋ ಕೆಳಕ್ಕೋ ತಳ್ಳುವಂಥವು. ಎರಡು ಕಿಟಕಿಗಳಲ್ಲಿ ಎರಡು ಮುಳ್ಳುಗಳು, ಎಡಗಡೆಯ ದನಿಗೆ ಒಂದು, ಬಲಗಡೆಯ ದನಿಗೆ ಇನ್ನೊಂದು. ಹಿಂದಿನಿಂದ ಜೇನಿನ ಬಣ್ಣದ ಬೆಳಕು. ಸ್ವಿಚ್ ಹಾಕಿದ ತಕ್ಷಣ ಅದು ಬಾಯಿ ಬಿಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆಲ್ಲೋ ಟಕ್ ಎಂದು, ಆಮೇಲೆ ಶುರುಮಾಡುತ್ತದೆ. "ಮೊದಲು ಒಳಗೆ ಎಲ್ಲಾ ಸರಿಯಾಗಿದೆಯಾ ನೋಡ್ಕೊಂಡು ಆಮೇಲೆ ಮಾತಾಡುತ್ತೆ. ಮನುಷ್ಯರೂ ಹಾಗಿದ್ದಿದ್ರೆ" ಎಂದು ಮಾವ ಹೇಳುವಾಗ ಅತ್ತೆಯನ್ನು ನೋಡುತ್ತಾರೆ, ಅತ್ತೆ ಅವರನ್ನು ನೋಡುತ್ತಾರೆ.

ಆರಿಸುವಾಗ ಮಾವನಿಗೆ ಒಂದು ಅಭ್ಯಾಸ. ಬೆಚ್ಚಗಾದ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, "ಉಪಕಾರ ಆಯ್ತಪ್ಪ, ಮಲಕ್ಕೋ" ಎನ್ನುತ್ತಾರೆ. ಎಲ್ಲದಕ್ಕೂ ಹೀಗೆಯೇ. ಕೊಡೆಗೂ ಉಪಕಾರ, ಸ್ಕ್ರೂಡ್ರೈವರಿಗೂ ಉಪಕಾರ. ಮೊದಮೊದಲು ನನಗೆ ಇದು ಅತಿಯೆನ್ನಿಸುತ್ತಿತ್ತು. ನಾನು ಬೇಕರಿಯ ಒಲೆಗೆ ಹೀಗೆ ಹೇಳಿದರೆ ಜೊತೆಯವರು ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ.

ಸಂಗೀತದ ವಿಷಯದಲ್ಲಿ ನಾನು ಕತ್ತೆ. ಇಡೀ ದಿನ ಹಿಟ್ಟಿನ ಮಿಷನ್ನಿನ ಸದ್ದು ಕೇಳಿದವನಿಗೆ ಅದು ನಿಂತಾಗ ಬರುವ ಮೌನವೇ ಸಂಗೀತ. ಆದರೂ ಒಮ್ಮೆ, ಸ್ಪೀಕರು ಎತ್ತಿದ್ದಕ್ಕೆ ಬಹುಮಾನವೆಂಬಂತೆ, ಮಾವ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿ ಎರಡು ಸ್ಪೀಕರುಗಳಿಗೂ ನಡುವೆ, ಸಮ ದೂರದಲ್ಲಿ. ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಹಸಿರು ಪೇಂಟಿನ ಗುರುತು. ಎಡಗಡೆಯ ಸ್ಪೀಕರು ಕಿಟಕಿಯ ಪಕ್ಕ, ಬಲಗಡೆಯದು ಅಡುಗೆಮನೆಯ ಬಾಗಿಲ ಪಕ್ಕ. ಆ ಕುರ್ಚಿಯಲ್ಲಿ ಮಾವನನ್ನು ಬಿಟ್ಟು ಬೇರೆ ಯಾರೂ ಕೂರುತ್ತಿರಲಿಲ್ಲ. ನಾನು ಕೂತೆ, ಅವರು ತಮ್ಮ ಮೆಚ್ಚಿನ ರೆಕಾರ್ಡು ಹಾಕಿದರು. ಹಾಡಿಲ್ಲ, ವಾದ್ಯ ಮಾತ್ರ. ಎಡಗಡೆಯಿಂದ ಕೊಳಲು ಏನೋ ಕೇಳುತ್ತದೆ, ಬಲಗಡೆಯಿಂದ ತಂತಿವಾದ್ಯ ಉತ್ತರ ಕೊಡುತ್ತದೆ. ಕೊಳಲು ಒಪ್ಪುವುದಿಲ್ಲ, ಮತ್ತೆ ಕೇಳುತ್ತದೆ. ಕಿಟಕಿಯ ಹತ್ತಿರ ನಿಜವಾಗಿ ಯಾರೋ ಉಸಿರೆಳೆದ ಹಾಗಾಯಿತು. ನಾನು ಕಣ್ಣು ಬಿಟ್ಟು ಆ ಕಡೆ ನೋಡಿದೆ. ಅಬ್ಬರವಿಲ್ಲ, ಕಿವಿಗೆ ಚುಚ್ಚುವುದಿಲ್ಲ, ಆದರೂ ಕೋಣೆ ತುಂಬಿತ್ತು. ರೆಕಾರ್ಡು ಮುಗಿದ ಮೇಲೂ ನನಗೆ ಏಳುವ ಮನಸ್ಸಾಗಲಿಲ್ಲ. ಮಾವ ನನಗೆ ಒಂದು ಲೋಟ ಟೀ ತಂದುಕೊಟ್ಟರು.

ಒಂದು ಭಾನುವಾರ ಅವರಿಂದ ಕರೆ ಬಂತು. ಹೋದೆ. ಮಾವ ಅದೇ ರೆಕಾರ್ಡು ಹಾಕಿಕೊಂಡು, ಆ ಕುರ್ಚಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಅಳಿಯಂದ್ರೇ, ಕೊಳಲು ಗೋಡೆ ಆಚೆ ಹೋಗಿದೆ."

"ನನಗೆ ಕೇಳಿಸ್ತಾ ಇದೆಯಲ್ಲ ಮಾವ."

"ನಿಮಗೆ ಬ್ರೆಡ್ಡು ಸೀದ ವಾಸನೆ ಗೊತ್ತಾಗುತ್ತೆ. ಇದು ಬೇರೆ."

"ಅಂದ್ರೆ, ಸಣ್ಣಗೆ ಕೇಳಿಸುತ್ತೆ ಅಂತೀರಾ?"

"ಸಣ್ಣಗೆ ಅಲ್ಲ, ಮಂಕಾಗಿ."

ಅಳಿಯ ಅಲ್ಲ, ಮಗಳ ಗಂಡ. ಆ ಗಾದೆಯನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ನನ್ನ ಗ್ರಹಚಾರ.

ಆವತ್ತು ಅವರು ರೆಕಾರ್ಡನ್ನು ಒರೆಸಿ ಕವರಿಗೆ ಹಾಕಿ ಮೇಲಿಟ್ಟರು. ಆಂಪ್ಲಿ ಸರಿಯಾಗುವವರೆಗೆ ಅದನ್ನು ಮುಟ್ಟುವುದಿಲ್ಲವಂತೆ. ಅರ್ಧ ಬಡಿಸಿದ ತಟ್ಟೆಗೆ ಕೈ ಹಾಕುವುದಿಲ್ಲವಂತೆ. ಪರೀಕ್ಷೆಗೆ ರೇಡಿಯೋ ವಾರ್ತೆಯೇ ಸಾಕು ಎಂದರು. ವಾರ್ತೆ ಓದುವವರ ದನಿ ಎರಡೂ ಸ್ಪೀಕರಿನಿಂದ ಸಮನಾಗಿ ಬರಬೇಕು, ಕೇಳುವವನಿಗೆ ನಟ್ಟನಡುವೆ ಕೂತು ಓದಿದ ಹಾಗೆ ಕೇಳಬೇಕು. ಈಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದುತ್ತಿದ್ದಾರೆ ಎಂದು ಮಾವ ದೂರಿದರು.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಮೊದಲು ಸ್ಪೀಕರುಗಳನ್ನು ಅದಲು ಬದಲು ಮಾಡಿದೆವು. ಮಂಕು ಎಡಗಡೆಯೇ ಉಳಿಯಿತು; ಹಾಗಾದರೆ ಸ್ಪೀಕರು ಕಳ್ಳನಲ್ಲ. ಮತ್ತೆ ಅವನ್ನು ಮೊದಲಿನ ಜಾಗಕ್ಕೆ ಹೊತ್ತೆವು. ತಂತಿಗಳನ್ನು ಬದಲಿಸಿದೆವು, ತಂತಿಗಳೂ ಸಾಚಾ. ಮಾವ ಆಂಪ್ಲಿಯ ಮುಚ್ಚಳ ತೆಗೆದು, ಬ್ರಷ್ಷಿನಿಂದ ಧೂಳು ತೆಗೆದು, ಎಡಗಡೆಯ ಬೆಸುಗೆಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿದರು. ಏನೂ ಆಗಲಿಲ್ಲ. ಅಷ್ಟು ಹೊತ್ತೂ ಆ ಎರಡು ಮುಳ್ಳುಗಳು ಜೇನು ಬಣ್ಣದ ಬೆಳಕಿನಲ್ಲಿ ಜೊತೆಜೊತೆಯಾಗಿ ಒಂದೇ ಎತ್ತರಕ್ಕೆ ಕುಣಿಯುತ್ತಿದ್ದವು.

"ಮಾವ, ಎರಡೂ ಸಮ ತೋರಿಸ್ತಾ ಇದೆಯಲ್ಲ."

"ಮುಳ್ಳು ಸುಳ್ಳು ಹೇಳ್ತಾ ಇದೆ."

"ಇಷ್ಟು ವರ್ಷ ಹೇಳದೇ ಇದ್ದದ್ದು ಈಗ ಹೇಳುತ್ತಾ?"

"ವಯಸ್ಸಾಯ್ತಲ್ಲ" ಎಂದರು, ತೀರಾ ಗಂಭೀರವಾಗಿ.

ಯಂತ್ರಗಳೆಲ್ಲ ಸಾಚಾ ಎಂದಾದ ಮೇಲೆ ಕೋಣೆಯ ಮೇಲೆ ಅನುಮಾನ ಬಂತು. ಕಿಟಕಿಯ ಪರದೆ ದನಿ ಕುಡಿಯುತ್ತಿದೆ ಎಂದು ಪರದೆ ತೆಗೆಸಿದರು. ಬೀರು ಅಡ್ಡವಾಗಿದೆ ಎಂದು ಬೀರುವನ್ನು ಇನ್ನೊಂದು ಗೋಡೆಗೆ ಸರಿಸಿದೆವು. ಸರಿಸಿದೆವು ಎಂದರೆ ಅವರು ದಾರಿ ತೋರಿಸಿದರು. ಕೊನೆಗೆ ಅತ್ತೆಯ ಹೊಲಿಗೆ ಮಿಷನ್ನನ್ನು ವರಾಂಡಕ್ಕೆ ಅಟ್ಟಲಾಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಬರೋ ವಾರ ಏನು ಮಾಡ್ತೀರಿ? ಎಡಗಡೆ ಗೋಡೆ ಬಲಕ್ಕೆ ಹಾಕ್ತೀರಾ?" ಮಾವ ಒಂದು ಕ್ಷಣ ಗೋಡೆಯ ಕಡೆ ನೋಡಿದ್ದನ್ನು ನಾನು ಕಂಡೆ.

ಇದನ್ನೆಲ್ಲ ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ಆ ಮನೆಯಲ್ಲಿ ನಗು ಕಡಿಮೆಯಾಗಿತ್ತು. ಮಾವ ವಾರ್ತೆ ಮುಗಿದ ಕೂಡಲೇ ಆಂಪ್ಲಿಯನ್ನು ಪಟ್ಟನೆ ಆರಿಸಿ ಎದ್ದುಹೋಗುತ್ತಿದ್ದರು. ಅದರ ನೆತ್ತಿಯ ಮೇಲೆ ಅಂಗೈ ಇಡುತ್ತಿರಲಿಲ್ಲ. ಉಪಕಾರ ಎಂಬ ಮಾತು ಅವರ ಬಾಯಲ್ಲಿ ಕೇಳಿ ತಿಂಗಳುಗಳೇ ಆಗಿದ್ದವು. ಅತಿಯೆನ್ನಿಸುತ್ತಿದ್ದ ಆ ಮಾತು ಇಲ್ಲದಿದ್ದರೆ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು.

ಕಳ್ಳ ಸಿಕ್ಕಿದ್ದು ಅತ್ತೆಯ ಸಿಟ್ಟಿನಿಂದ. ಮಿಷನ್ನು ವರಾಂಡಕ್ಕೆ ಹೋದ ಮೇಲೆ ಅವರಿಗೆ ಹೊಲಿಯಲು ಜಾಗವಿರಲಿಲ್ಲ. ಒಂದು ಮಧ್ಯಾಹ್ನ, ಬೇಕೆಂದೇ, ಅವರು ಮಾವನ ಕುರ್ಚಿಯಲ್ಲಿ ಕೂತರು. ಅಷ್ಟೇ ಅಲ್ಲ, ಹಿಂದೆ ಮಂಚದ ಮೇಲೆ ಕೂತಿದ್ದ ನನ್ನ ಹೆಂಡತಿಯ ಜೊತೆ ಮಾತಾಡಲು ಅನುಕೂಲವಾಗಲೆಂದು, ಕುರ್ಚಿಯನ್ನು ಸ್ಪೀಕರುಗಳಿಗೆ ಬೆನ್ನು ಮಾಡಿ ತಿರುಗಿಸಿಕೊಂಡು, ಅಂಗಿಗೆ ಗುಂಡಿ ಹಚ್ಚುತ್ತಾ ಕೂತರು. ಒಲೆಯ ಮೇಲೆ ಹಾಲು ಉಕ್ಕಿದ ಸದ್ದಾಯಿತು, ಎದ್ದು ಓಡಿದರು. ವಾರ್ತೆಯ ಹೊತ್ತು. ಮಾವ ಬಂದು ರೇಡಿಯೋ ಹಾಕಿ, ಕುರ್ಚಿ ಹೇಗಿತ್ತೋ ಹಾಗೇ ಅದರಲ್ಲಿ ಕೂತರು. ನಾನು ಬೀರುವನ್ನು ಇನ್ನೊಮ್ಮೆ ಸರಿಸಿದ ಸುಸ್ತಿಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದೆ.

ಅವರ ಹುಬ್ಬು ಮೇಲೇರಿತು. "ಇವರು ಕಿಟಕಿ ಹತ್ರ ಯಾವಾಗ ಹೋದ್ರು?" ಎಂದರು.

ಯಾರು ಎಂದು ನಾನು ಕೇಳುವ ಮುಂಚೆ ಅವರೇ ಎದ್ದರು. ಕುರ್ಚಿಯನ್ನು ಸ್ಪೀಕರುಗಳ ಕಡೆ ತಿರುಗಿಸಿ ಕೂತರು. ಕಣ್ಣು ಮುಚ್ಚಿ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಎದ್ದು ಬೆನ್ನು ಮಾಡಿ ಕೂತರು. ಕಿಟಕಿಯ ಕಡೆ ಬೆರಳು. ಮತ್ತೆ ತಿರುಗಿದರು, ಮತ್ತೆ ಕೂತರು. ಹೇಗೆ ಕೂತರೂ ವಾರ್ತೆ ಓದುವವರ ದನಿ ಅವರ ಬಲಗಡೆಗೇ. ಬದಲಿಸದೆ ಉಳಿದಿದ್ದದ್ದು ಆ ಕೋಣೆಯಲ್ಲಿ ಒಂದೇ ಒಂದು, ಅದು ಈಗ ತಿರುಗಿತ್ತು. ದೋಷ ಅದರ ಹಿಂದೆಯೇ ಹೋಗಿತ್ತು.

"ಅಳಿಯಂದ್ರೇ" ಎಂದರು ಮೆಲ್ಲಗೆ, "ಕಳ್ಳ ಸಿಕ್ಕಿದ." ತಮ್ಮ ಎಡಗಿವಿಯನ್ನು ಮುಟ್ಟಿಕೊಂಡರು.

ಅತ್ತೆ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದರೆ ಇದು ಅವರಿಗೆ ಹೊಸ ಸುದ್ದಿಯಲ್ಲ ಎಂದು ಗೊತ್ತಾಗುತ್ತಿತ್ತು. ಮಾವನಿಗೂ ಗೊತ್ತಾಯಿತು.

"ನಿನಗೆ ಗೊತ್ತಿತ್ತಾ?"

"ವರ್ಷದ ಮೇಲಾಯ್ತು."

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ದೆ. ಎಡಗಡೆಯಿಂದ ಹೇಳಿದ್ದೆ."

ಮೊದಲು ನನ್ನ ಹೆಂಡತಿ ನಕ್ಕಳು. ನಾನು ತಡೆಯಲು ನೋಡಿ ಆಗದೆ ನಕ್ಕೆ. ಕೊನೆಗೆ ಮಾವನೂ ನಕ್ಕರು, ಕಣ್ಣು ಒರೆಸಿಕೊಳ್ಳುತ್ತಾ. ಅತ್ತೆ ಮಾತ್ರ ನಗಲಿಲ್ಲ. "ಎರಡನೇ ಸಲ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ ರೀ. ಆ ಕಿವಿ ಮೇಲೆ ನಿಮಗೆ ಎಷ್ಟು ಅಭಿಮಾನ ಅಂತ ನನಗೆ ಗೊತ್ತಿಲ್ವಾ" ಎಂದರು. ಆಗ ನನಗೆ ಹೊಳೆಯಿತು. ದಾರಿಯಲ್ಲಿ ಹೋಗುವಾಗ ಅತ್ತೆ ಈಗೀಗ ಯಾವಾಗಲೂ ಮಾವನ ಬಲಗಡೆಗೇ ನಡೆಯುತ್ತಿದ್ದರು. ಊಟಕ್ಕೆ ಕೂತಾಗ ತಮ್ಮ ಜಾಗ ಬಿಟ್ಟು ಬಲಕ್ಕೆ ಬಂದು ಕೂರುತ್ತಿದ್ದರು. ಮಂಚದಲ್ಲೂ ಮಗ್ಗುಲು ಬದಲಿಸಿದ್ದರಂತೆ. ಗೋಡೆಯ ಕಡೆ ಸೆಕೆ ಎಂದು ನೆಪ ಹೇಳಿದ್ದರಂತೆ. ಮಾವ ಇಡೀ ಮನೆಯನ್ನು ಅದಲು ಬದಲು ಮಾಡುವ ಮುಂಚೆಯೇ ಅತ್ತೆ ಸದ್ದಿಲ್ಲದೆ ತಮ್ಮನ್ನು ತಾವೇ ಬದಲಿಸಿಕೊಂಡಿದ್ದರು. ಇಂಥ ಮನೆಗೆ ಅಳಿಯನಾದದ್ದು ನನ್ನ ಪುಣ್ಯ ಎಂದು ನನಗೆ ಅವತ್ತು ಅನ್ನಿಸಿತು, ಬೀರುವಿನ ಭಾರವನ್ನೂ ಸೇರಿಸಿಯೇ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಎಡಗಡೆಯ ನರ ಸವೆದಿದೆ, ಅದು ಮತ್ತೆ ಬರುವುದಿಲ್ಲ, ಬಲಗಿವಿ ಗಟ್ಟಿಮುಟ್ಟಾಗಿದೆ, ಜೋಪಾನ ಮಾಡಿಕೊಳ್ಳಿ ಎಂದರು. ಹಾರ್ನುಗಳ ವಿಷಯ ಕೇಳಿ ತಲೆಯಾಡಿಸಿದರು. ಮಾವ ಅವರಿಗೆ ಕೈಮುಗಿದು ಹೊರಗೆ ಬಂದರು. ದಾರಿಯಲ್ಲಿ ಬಲಗಿವಿಯನ್ನು ಮುಟ್ಟಿ, "ನೀನಾದ್ರೂ ಇದ್ದೀಯಲ್ಲಪ್ಪ, ಉಪಕಾರ" ಎಂದರು. ಬಹಳ ದಿನದ ಮೇಲೆ ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಮನೆಗೆ ಬಂದು ಅವರು ಆ ರೆಕಾರ್ಡನ್ನು ಕೆಳಗಿಳಿಸಿದರು. ಸ್ಪೀಕರಿಗೆ ಮುಖ ಮಾಡಿ ಕೂತರೆ ತಂತಿವಾದ್ಯ ಇತ್ತು, ಕೊಳಲು ಗೋಡೆಯಾಚೆ. ಬೆನ್ನು ಮಾಡಿ ಕೂತರೆ ಕೊಳಲು ಬಂತು, ತಂತಿ ಗೋಡೆಯಾಚೆ. ಎರಡೂ ಒಟ್ಟಿಗೆ ಸಿಗಲಿಲ್ಲ. "ಫೋನಲ್ಲಿ ಜಗಳ ಆಡೋರ ಪಕ್ಕ ಕೂತ ಹಾಗಿದೆ. ಒಬ್ಬರ ಮಾತು ಮಾತ್ರ ಕೇಳುತ್ತೆ" ಎಂದು ರೆಕಾರ್ಡನ್ನು ತೆಗೆದಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. "ಕುರುಡನ ಕೈಗೆ ಕನ್ನಡಿ ಯಾಕೆ? ಕೇಳೋರಿಗೆ ಕೊಡ್ತೀನಿ ಅಂತ ಆ ಪುಣ್ಯಾತ್ಮ ನನಗೆ ಕೊಟ್ರು. ಈಗ ನಾನೂ ಕೇಳೋರಿಗೇ ಕೊಡಬೇಕು. ಎರಡು ಕಿವಿ ಇರೋರ ಮನೇಲಿ ಇರಲಿ ಇದು."

ಎರಡು ಕಿವಿಯವರು ಸಿದ್ಧರಾಗೇ ಇದ್ದರು. ಮಾವನ ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಒಳ್ಳೆಯವರು, ಸಂಗೀತದ ಹುಚ್ಚು. ಎಷ್ಟೋ ಸಲ ಬಂದು ಕೇಳಿ, ಹೋಗುವಾಗ ಆಂಪ್ಲಿಯನ್ನು ಹೆತ್ತ ಮಗುವನ್ನು ಬಿಟ್ಟುಹೋಗುವವರಂತೆ ನೋಡಿ ಹೋಗುತ್ತಿದ್ದರು. ಮಾವ ಅವರಿಗೆ ಹೇಳಿಕಳಿಸಿದರು. ನನ್ನ ಹೆಂಡತಿ ಬೇಡ ಅಪ್ಪ ಎಂದಳು. ಮಾವ ಕೇಳಲಿಲ್ಲ. ಅತ್ತೆ ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಮೆತ್ತನೆ ಬಟ್ಟೆ ತಂದು ಅದರ ಮರವನ್ನು ಒರೆಸುತ್ತಾ ಕೂತರು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದರು. "ಕೊಡೋದಾದ್ರೆ ಕೊಡಿ" ಎಂದರು ಕೊನೆಗೆ. "ಆದ್ರೆ ಅದು ಈ ಸಲ ಬಸ್ಸಲ್ಲಿ ಹೋಗ್ಲಿ." ಹಾಸ್ಯಕ್ಕೆ ಹೇಳಿದ್ದು, ಹೇಳಿ ಮತ್ತೆ ಒರೆಸತೊಡಗಿದರು.

ಭಾನುವಾರ ಕನ್ನಡಕದವರು ದೊಡ್ಡದೊಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಹಳೆಯ ಕಂಬಳಿ ಹಾಕಿಕೊಂಡು ಬಂದರು. ಮುಖದಲ್ಲಿ ಖುಷಿ ತೋರಿಸಬಾರದೆಂದು ಬಹಳ ಕಷ್ಟಪಡುತ್ತಿದ್ದರು. ಮಾವ ಆಂಪ್ಲಿಯನ್ನು ಒಪ್ಪಿಸುವ ಮುಂಚೆ ಎಲ್ಲವನ್ನೂ ತೋರಿಸಿಕೊಟ್ಟರು, ಮಗಳನ್ನು ಕಳಿಸುವಾಗ ಅಳಿಯನಿಗೆ ಹೇಳುವ ಹಾಗೆ. ನನಗೆ ಅಷ್ಟು ಹೇಳಿರಲಿಲ್ಲ. ಇದು ದಪ್ಪ ದನಿಗೆ, ಇದು ತೆಳು ದನಿಗೆ. ಇದರ ನೆತ್ತಿಯ ಮೇಲೆ ಏನೂ ಇಡಬಾರದು, ಅದು ಉಸಿರಾಡಬೇಕು. ಟಕ್ ಅನ್ನೋವರೆಗೆ ತಾಳ್ಮೆ ಇರಲಿ. ತೋರಿಸಲೆಂದು ಅದೇ ರೆಕಾರ್ಡನ್ನು ಹಾಕಿ, ಅಭ್ಯಾಸಬಲದಿಂದ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಮುಳ್ಳುಗಳು ಜೊತೆಯಾಗಿ ಎದ್ದವು.

ಕನ್ನಡಕದವರು ಬಗ್ಗಿ ಕಡ್ಡಿಗಳ ಸಾಲನ್ನು ನೋಡುತ್ತಿದ್ದರು. "ಈ ಕೊನೇದು ಯಾತಕ್ಕೆ?"

"ಅದನ್ನ ಮುಟ್ಟಬೇಡಿ, ನಾನೂ ಯಾವತ್ತೂ ಮುಟ್ಟಿಲ್ಲ" ಎಂದರು ಮಾವ. "ಅದು ಮೋನೋ. ಹಳೇ ಕಾಲದ ರೆಕಾರ್ಡಲ್ಲಿ ಎಡ ಬಲ ಅಂತ ಇರ್ತಿರಲಿಲ್ಲ, ಒಂದೇ ದನಿ. ಅಂಥವಕ್ಕೆ ಅಂತ ಇಟ್ಟಿದ್ದಾರೆ. ಕೆಳಕ್ಕೆ ತಳ್ಳಿದ್ರೆ ಎಡಗಡೇದು ಬಲಗಡೇದು ಎಲ್ಲಾ ಕಲಸ್ಕೊಂಡು ಎರಡೂ ಸ್ಪೀಕರಲ್ಲಿ ಒಂದೇ ಬರುತ್ತೆ. ಸ್ಟೀರಿಯೋ ಇರೋವಾಗ ಅದು ಯಾರಿಗೆ ಬೇಕು."

ಮುಟ್ಟಬೇಡಿ ಎಂದರೆ ಮುಟ್ಟುವವರೇ ಹೆಚ್ಚು. ಕನ್ನಡಕದವರ ಬೆರಳು ಆಗಲೇ ಅದರ ಮೇಲಿತ್ತು. ಕಡ್ಡಿ ಬಿಗಿಯಾಗಿತ್ತು, ಕರಕರ ಎಂದು ಕೆಳಗೆ ಇಳಿಯಿತು.

ಮಾವ ಏನೋ ಹೇಳಲು ಬಾಯಿ ತೆರೆದವರು ಹಾಗೇ ಕೂತರು. ಕೊಳಲು ಬಂದಿತ್ತು. ಬಲಗಡೆಯ ಸ್ಪೀಕರಿನಿಂದ, ಅವರ ಒಳ್ಳೆಯ ಕಿವಿಯ ಎದುರಿಗೇ, ಉಸಿರಿನ ಸಮೇತ. ಅದರ ಜೊತೆಗೇ ತಂತಿಯೂ ಇತ್ತು. ಕೊಳಲು ಕೇಳಿತು, ತಂತಿ ಉತ್ತರ ಕೊಟ್ಟಿತು, ಕೊಳಲು ಒಪ್ಪಲಿಲ್ಲ.

ಕನ್ನಡಕದವರಿಗೆ ಭಯವಾಯಿತು. "ಹಾಳಾಯ್ತಾ?"

"ಇಲ್ಲ" ಎಂದರು ಮಾವ. ಅವರ ಕೆನ್ನೆ ಒದ್ದೆಯಾಗಿತ್ತು. "ಸರಿಹೋಯ್ತು."

ಆ ಕಡ್ಡಿ ಅಲ್ಲಿ ಮೊದಲಿಂದಲೂ ಇತ್ತು. ಮಾವನೇ ತಿರುಗಿ ಕೂತ ಮೇಲೆ ಆ ಮನೆಯಲ್ಲಿ ಬದಲಾಗದೆ ಉಳಿದಿದ್ದದ್ದು ಅದೊಂದೇ, ಯಾಕೆಂದರೆ ಸ್ಟೀರಿಯೋದವನಿಗೆ ಮೋನೋ ಎಂದರೆ ಅವಮಾನ. ಮಾವ ಎದ್ದು ಬಂದು ಅದರ ನೆತ್ತಿಯ ಮೇಲೆ ಅಂಗೈ ಇಟ್ಟರು. "ಯಾರೋ ಮಹಾನುಭಾವ, ಎಲ್ಲೋ ಕೂತು ಇದನ್ನ ಕಟ್ಟೋವಾಗ, ಒಂದೇ ದನಿ ಇರೋರಿಗೂ ಒಂದು ಜಾಗ ಇರಲಿ ಅಂತ ಯೋಚನೆ ಮಾಡಿದ್ದಾನೆ. ನನಗೆ ಕಿವಿ ಹೋಗೋ ಎಷ್ಟೋ ವರ್ಷ ಮುಂಚೆ. ಅವನಿಗೆ ಎಲ್ಲಿ ಅಂತ ಉಪಕಾರ ಹೇಳೋದು?"

ಕನ್ನಡಕದವರು ಬುದ್ಧಿವಂತರು, ಬಿಡಿಸಿ ಹೇಳಬೇಕಾಗಲಿಲ್ಲ. ಸದ್ದಿಲ್ಲದೆ ಕಂಬಳಿ ಮಡಚಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಹತ್ತಿರ ಹೋದರು. ಆದರೆ ಕಾಲು ಹೊಸಿಲು ದಾಟಲಿಲ್ಲ. ಅಲ್ಲೇ ನಿಂತು ಕೇಳುತ್ತಿದ್ದರು. ಮಾವ ಅವರನ್ನು ನೋಡಿದರು. "ಬಂದು ಕೂತ್ಕೊಂಡು ಕೇಳಿ. ನಿಂತು ಕಾಯೋದು ಬಸ್ಸಿಗೆ" ಎಂದರು.

ಅಷ್ಟರಲ್ಲಿ ಅತ್ತೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದರು. ಬಾಗಿಲ ಪಕ್ಕದ ಸ್ಪೀಕರಿನ ಮುಂದೆ ನಿಂತು, ಅದನ್ನೇ ನೋಡುತ್ತಾ ಕೇಳಿದರು. "ಇದ್ರೊಳಗೆ ಕೊಳಲೂ ಇತ್ತಾ?"

"ಮೊದಲಿಂದ ಇದೆಯಲ್ಲೇ. ಇಷ್ಟು ವರ್ಷ ಕೇಳಿಲ್ವಾ?"

"ಒಲೆ ಮುಂದೆ ನಿಂತೋಳಿಗೆ ಈ ಬಾಗಿಲ ಪಕ್ಕದ್ದು ಮಾತ್ರ ಕೇಳ್ತಿತ್ತು. ದೂರದಲ್ಲಿ ಯಾರೋ ಊದಿದ ಹಾಗೆ ಇರ್ತಿತ್ತು ನಿಜ. ಹಿಂದಿನ ಮನೆಯವರು ಅಂದ್ಕೊಂಡಿದ್ದೆ. ಪಾಪ, ಬಿಡದೆ ಕಲೀತಿದ್ದಾರಲ್ಲ ಅಂತ."

ನಾನು ನಗಲು ಹೊರಟವನು ಮಾವನ ಮುಖ ನೋಡಿ ಸುಮ್ಮನಾದೆ. ಅವರು ನೆಲದ ಮೇಲಿನ ಹಸಿರು ಗುರುತುಗಳನ್ನು ನೋಡುತ್ತಿದ್ದರು. ಒಂದೇ ಕುರ್ಚಿಯ ನಾಲ್ಕು ಕಾಲಿನ ಗುರುತು. "ನನಗೆ ಕೊಳಲು ಹೋಗಿ ಒಂದು ವರ್ಷ ಆಯ್ತು ಅಂತ ಮನೆಯನ್ನೇ ತಲೆಕೆಳಗು ಮಾಡಿದೆ" ಎಂದರು. "ನಿನಗೆ ಅದು ಒಂದು ದಿನವೂ ಕೇಳಿರಲಿಲ್ಲವಾ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಈಗ ಕೇಳ್ತಾ ಇದೆಯಲ್ಲ" ಎಂದರು.

ಮಾವ ತಮ್ಮ ಕುರ್ಚಿಯನ್ನು ಗುರುತಿನಿಂದ ಎಡಕ್ಕೆ ಸರಿಸಿದರು. "ಅಳಿಯಂದ್ರೇ, ಇನ್ನೊಂದು ಕುರ್ಚಿ" ಎಂದರು. ಯಾವ ಕಡೆ ಎಂದು ನಾನು ಕೇಳಲಿಲ್ಲ, ಅವರ ಬಲಗಡೆಗೆ ತಂದಿಟ್ಟೆ. ಆ ಮನೆಯಲ್ಲಿ ನಾನು ಎತ್ತಿದ ಸಾಮಾನುಗಳಲ್ಲೆಲ್ಲ ಹಗುರವಾದದ್ದು ಅದೇ. ಅತ್ತೆ ಕೂತರು. ಮಾವ ರೆಕಾರ್ಡಿನ ಮುಳ್ಳನ್ನು ಎತ್ತಿ ಮತ್ತೆ ಮೊದಲಿನಿಂದ ಹಾಕಿ, ಬಂದು ಅವರ ಪಕ್ಕ ಕೂತರು.

ಸ್ವಲ್ಪ ಹೊತ್ತಿಗೆ ಒಳಗೆ ಹಾಲು ಉಕ್ಕಿದ ಸದ್ದು ಕೇಳಿಸಿತು. ಅತ್ತೆ ಏಳಲಿಲ್ಲ. ನಾನೇ ಹೋಗಿ ಒಲೆ ಆರಿಸಿ ಒರೆಸಿದೆ. ಅಲ್ಲಿಗೂ ಕೊಳಲು ಚೆನ್ನಾಗಿ ಕೇಳುತ್ತಿತ್ತು.